ಹಾಲಿನ ಜೊತೆಗೆ ಮಾತೂ ಬೇಕು

(ಸಂಘದ ರಜತ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ಸದಸ್ಯರ ಸಭೆಯಲ್ಲಿ, ಊರಿನ ಅಂಗನವಾಡಿಯ ಬಾಲವಿಕಾಸ ಸಮಿತಿಯ ಪರವಾಗಿ ಮಾಡಿದ ಭಾಷಣದ ಬರಹರೂಪ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ನಮ್ಮ ಬಾಲವಿಕಾಸ ಸಮಿತಿಗೂ ನಾಲ್ಕು ಮಾತಾಡಲು ಅವಕಾಶ ಮಾಡಿಕೊಟ್ಟಿದ್ದೀರಿ. ಡೇರಿ ಸಭೇಲಿ ಅಂಗನವಾಡಿಯವರಿಗೇನು ಕೆಲಸ ಅಂತ ಕೆಲವರಿಗೆ ಅನ್ನಿಸಿರಬಹುದು. ನಾವೇನೂ ಹೊರಗಿನವರಲ್ಲ. ಸಮಿತಿಯಲ್ಲಿರುವ ಬಹುಪಾಲು ಜನ ಬೆಳಗ್ಗೆ ಸಂಜೆ ಇದೇ ಡೇರಿ ಮುಂದೆ ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲುವವರೇ. ಆದರೆ ಇವತ್ತು ನಾವು ಫ್ಯಾಟಿನ ವಿಷಯ, ಬೋನಸ್ಸಿನ ವಿಷಯ ಎತ್ತುವುದಿಲ್ಲ. ಅದಕ್ಕೆ ವಾರ್ಷಿಕ ಮಹಾಸಭೆ ಇದೆ, ಅಲ್ಲಿ ಜಗಳ ಆಡುವುದು ಹೇಗೂ ಇದ್ದೇ ಇದೆ. ಇವತ್ತು ನಮ್ಮ ಮಾತು ಆರು ವರ್ಷದೊಳಗಿನ ಮಕ್ಕಳದ್ದು, ಅದರಲ್ಲೂ ಮೂರು ವರ್ಷ ತುಂಬದ ಕೂಸುಗಳದ್ದು. ಕೊನೆಯಲ್ಲಿ ಸಂಘದ ಮುಂದೆ ಒಂದು ಕೋರಿಕೆಯನ್ನೂ ಇಡಲಿದ್ದೇವೆ.

ಹಾಲಿನ ಸಂಘಗಳೂ ಅಂಗನವಾಡಿಗಳೂ ನಮ್ಮ ರಾಜ್ಯದಲ್ಲಿ ಹೆಚ್ಚು ಕಡಿಮೆ ಓರಗೆಯವು. ವಿಶ್ವಬ್ಯಾಂಕಿನ ನೆರವಿನಿಂದ ಹಳೇ ಮೈಸೂರಿನ ಜಿಲ್ಲೆಗಳಲ್ಲಿ ಹೈನು ಅಭಿವೃದ್ಧಿ ಯೋಜನೆ ಶುರುವಾದದ್ದು 1974ರಲ್ಲಿ. ಅದರ ಮರುವರ್ಷ, 1975ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ, ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಇಡೀ ದೇಶದಲ್ಲಿ ಬರೀ 33 ಕಡೆ ಪ್ರಯೋಗಕ್ಕೆಂದು ಆರಂಭವಾಯಿತು. ಕರ್ನಾಟಕದಲ್ಲಿ ಆ ಪ್ರಯೋಗಕ್ಕೆ ಆರಿಸಿದ್ದು ನಮ್ಮ ಜಿಲ್ಲೆಯ ಟಿ. ನರಸೀಪುರವನ್ನೇ. ಅಂದರೆ ರಾಜ್ಯದ ಮೊದಲ ಅಂಗನವಾಡಿಗಳು ತೆರೆದದ್ದು ನಮ್ಮ ಕಾವೇರಿ ಕಪಿಲೆಯರ ಸೀಮೆಯಲ್ಲಿ. ಈ ಸಂಗತಿ ನಮ್ಮಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಓರಗೆಯವರಾದರೂ ಇಬ್ಬರ ಬೆಳವಣಿಗೆ ಒಂದೇ ಥರ ಆಗಲಿಲ್ಲ. ಹಾಲಿಗೆ ಪರೀಕ್ಷೆ ಮಾಡುವ ಯಂತ್ರ ಬಂತು, ತಣ್ಣಗಿಡುವ ದೊಡ್ಡ ತೊಟ್ಟಿ ಬಂತು, ದುಡ್ಡು ನೇರವಾಗಿ ಬ್ಯಾಂಕಿಗೇ ಬರುವ ಹಾಗಾಯಿತು. ಅಂಗನವಾಡಿಯಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಮಾತ್ರ ಇವತ್ತಿಗೂ ಸಂಬಳ ಅನ್ನುವುದಿಲ್ಲ, ಗೌರವಧನ ಅನ್ನುತ್ತಾರೆ. ಅವರಿಗೂ ಗ್ರಾಚ್ಯುಟಿ ಸಲ್ಲಬೇಕು ಎಂದು ಸುಪ್ರೀಂ ಕೋರ್ಟು ಹೇಳಿದ್ದು 2022ರಲ್ಲಿ. ಇರಲಿ, ಅದು ಬೇರೆಯೇ ಒಂದು ಭಾಷಣ.

ದನ ಸಾಕುವವರಿಗೆ ನಾವು ಹೊಸದಾಗಿ ಹೇಳಬೇಕಾದ್ದು ಕಡಿಮೆ. ಕರು ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣು ಹಾಲು ಕುಡಿಸಬೇಕು, ಇಲ್ಲದಿದ್ದರೆ ರೋಗ ತಡೆಯುವ ಶಕ್ತಿ ಬರೋದಿಲ್ಲ ಅಂತ ನಿಮಗೆಲ್ಲ ಗೊತ್ತು. ಡಾಕ್ಟರು ಬಂದು ಹೇಳುವ ಮೊದಲೇ ಗೊತ್ತಿತ್ತು. ಮಗುವಿಗೂ ಅದೇ ಮಾತು. ಹುಟ್ಟಿದ ಒಂದು ಗಂಟೆಯೊಳಗೆ ತಾಯಿ ಎದೆಗೆ ಹಾಕಿಕೊಳ್ಳಬೇಕು. ಆ ಮೊದಲ ಹಳದಿ ಹಾಲು ಕೆಟ್ಟದ್ದು ಅಂತ ಹಿಂಡಿ ಚೆಲ್ಲುವ ಪದ್ಧತಿ ನಮ್ಮ ಊರುಗಳಲ್ಲಿ ಇತ್ತು. ಕರುವಿಗೆ ಗಿಣ್ಣು ಅಮೃತ, ಮಗುವಿಗೆ ಮಾತ್ರ ವಿಷ ಅನ್ನುವುದು ಯಾವ ನ್ಯಾಯ?

ಆದರೆ ಕರುವಿಗೂ ಕೂಸಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಕರು ಹುಟ್ಟಿದ ಸ್ವಲ್ಪ ಹೊತ್ತಿಗೇ ಎದ್ದು ನಿಂತು ಕೆಚ್ಚಲು ಹುಡುಕುತ್ತದೆ. ಮನುಷ್ಯರ ಕೂಸು ನೆಟ್ಟಗೆ ನಿಲ್ಲಲು ಒಂದು ವರ್ಷ ತಗೊಳ್ಳುತ್ತದೆ. ಅಷ್ಟು ಹಿಂದುಳಿದಿದ್ದು ಯಾಕೆ ಅಂದರೆ, ಅದರ ಮೆದುಳು ಹೊಟ್ಟೆಯೊಳಗೆ ಬೆಳೆದು ಮುಗಿಸಿಕೊಂಡು ಬಂದಿರುವುದಿಲ್ಲ, ಹೊರಗೆ ಬಂದ ಮೇಲೆ ಬೆಳೆಯುತ್ತದೆ. ಹುಟ್ಟಿದಾಗ ಮಗುವಿನ ಮೆದುಳಿನ ತೂಕ ದೊಡ್ಡವರ ಮೆದುಳಿನ ಕಾಲು ಭಾಗದಷ್ಟು. ಎರಡು ವರ್ಷಕ್ಕೆ ಅದು ಮುಕ್ಕಾಲು ಭಾಗ ಆಗಿರುತ್ತದೆ. ಆರು ವರ್ಷ ತುಂಬಿ ಒಂದನೇ ಕ್ಲಾಸಿಗೆ ಹೆಸರು ಹಚ್ಚುವ ಹೊತ್ತಿಗೆ ನೂರಕ್ಕೆ ತೊಂಬತ್ತು ಭಾಗ ಬೆಳೆದಿರುತ್ತದೆ. ನಾವು ಓದು ಬರಹ ಅಂತ ಗಡಿಬಿಡಿ ಮಾಡುವುದು ಒಂದನೇ ಕ್ಲಾಸಿನಿಂದ. ಅಷ್ಟರಲ್ಲಿ ಹೊಲ ಉತ್ತು, ಬಿತ್ತು, ಕಳೆ ತೆಗೆಯುವ ಕಾಲವೇ ಮುಗಿದಿರುತ್ತದೆ.

ಹಾಗಾದರೆ ಆ ಮೆದುಳಿಗೆ ಏನು ಬೇಕು? ಹಾಲು, ರಾಗಿ, ಮೊಟ್ಟೆ ಹೊಟ್ಟೆ ತುಂಬ ಕೊಟ್ಟರೆ ಸಾಕಲ್ಲ ಅಂತ ಕೇಳುತ್ತೀರಿ. ಇದಕ್ಕೆ ಉತ್ತರ ಕೊಡಲು ದೂರದ ಒಂದು ದ್ವೀಪದ ಸಂಗತಿ ಹೇಳಬೇಕು. ಜಮೈಕಾ ಅಂತ. ಕ್ರಿಕೆಟ್ಟಿನ ಹುಚ್ಚು ಇರುವವರಿಗೆ ಗೊತ್ತಿರುತ್ತದೆ, ಮೈಕೆಲ್ ಹೋಲ್ಡಿಂಗ್, ಕೋರ್ಟ್ನಿ ವಾಲ್ಷ್ ಅವರ ನಾಡು. ಅಲ್ಲಿನ ರಾಜಧಾನಿ ಕಿಂಗ್‌ಸ್ಟನ್ನಿನ ಬಡ ಕೇರಿಗಳಲ್ಲಿ 1980ರ ದಶಕದ ಕೊನೆಯಲ್ಲಿ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಎಂಬ ವೈದ್ಯೆ ಮತ್ತು ಅವರ ಜೊತೆಯವರು ಒಂದು ಕೆಲಸ ಮಾಡಿದರು. ವಯಸ್ಸಿಗೆ ತಕ್ಕ ಎತ್ತರ ಬೆಳೆಯದ 129 ಮಕ್ಕಳನ್ನು ಹುಡುಕಿದರು. ಎಲ್ಲರೂ ಒಂಬತ್ತು ತಿಂಗಳಿಂದ ಎರಡು ವರ್ಷದೊಳಗಿನವರು. ಅವರನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ವಾರಕ್ಕೆ ಒಂದು ಕಿಲೋ ಹಾಲಿನ ಪುಡಿಯ ಆಹಾರ. ಇನ್ನೊಂದು ಗುಂಪಿಗೆ ಹಾಲಿಲ್ಲ. ಅದರ ಬದಲು ವಾರಕ್ಕೊಮ್ಮೆ ಆರೋಗ್ಯ ಕಾರ್ಯಕರ್ತೆ ಮನೆಗೆ ಬಂದು, ಒಂದು ಗಂಟೆ ಕೂತು, ತಾಯಿಗೆ ಮಗುವಿನ ಜೊತೆ ಆಡುವುದು ಮಾತಾಡುವುದು ಹೇಗೆ ಅಂತ ತೋರಿಸಿಕೊಡುತ್ತಿದ್ದಳು. ಆಟದ ಸಾಮಾನು ಎಲ್ಲ ಮನೆಯಲ್ಲೇ ಮಾಡಿಕೊಂಡದ್ದು, ಖಾಲಿ ಡಬ್ಬಿ ಬಾಟಲಿಯಂಥವು. ಮೂರನೇ ಗುಂಪಿಗೆ ಹಾಲೂ ಉಂಟು, ಆಟವೂ ಉಂಟು. ನಾಲ್ಕನೆಯದಕ್ಕೆ ಎರಡೂ ಇಲ್ಲ. ಹೀಗೆ ಎರಡು ವರ್ಷ ನಡೆಯಿತು.

ಎರಡು ವರ್ಷದ ಕೊನೆಗೆ ನೋಡಿದರೆ ಹಾಲು ಕುಡಿದವರೂ ಚುರುಕಾಗಿದ್ದರು, ಆಟ ಆಡಿದವರೂ ಚುರುಕಾಗಿದ್ದರು, ಎರಡೂ ಸಿಕ್ಕವರು ಎಲ್ಲರಿಗಿಂತ ಮುಂದಿದ್ದರು. ಆದರೆ ಅಷ್ಟಕ್ಕೇ ಬಿಡದೆ ಇಪ್ಪತ್ತು ವರ್ಷ ಆ ಮಕ್ಕಳ ಹಿಂದೆ ಹೋದರು. ಬರೀ ಹಾಲು ಕುಡಿದವರಿಗೆ ಸಿಕ್ಕಿದ್ದ ಮುನ್ನಡೆ ಕಾಲ ಕಳೆದ ಹಾಗೆ ಕರಗಿ ಹೋಗಿತ್ತು. ಆಟ ಮಾತು ಸಿಕ್ಕಿದವರದ್ದು ಉಳಿದಿತ್ತು. 22ನೇ ವಯಸ್ಸಿನಲ್ಲಿ ಅವರ ಸಂಪಾದನೆ ಉಳಿದವರಿಗಿಂತ ನೂರಕ್ಕೆ 25ರಷ್ಟು ಹೆಚ್ಚಿತ್ತು. ಇದು 2014ರಲ್ಲಿ ಅಚ್ಚಾದ ವರದಿ. ವಾರಕ್ಕೆ ಒಂದು ಗಂಟೆ, ಡಬ್ಬಿ ಬಾಟಲಿಯ ಆಟ, ಅಷ್ಟೇ ಕಣ್ರೀ ಖರ್ಚು. ಯಾವ ಸಂಘ ಯಾವ ಬೋನಸ್ಸು ಕೊಟ್ಟರೆ ನಮ್ಮ ಮಕ್ಕಳ ಸಂಪಾದನೆ ಒಂದಕ್ಕೆ ಒಂದೂಕಾಲು ಆದೀತು?

ಹಾಲಿನ ಸಂಘದ ಹಬ್ಬದಲ್ಲಿ ನಿಂತು ಹಾಲೊಂದೇ ಸಾಲದು ಅಂದದ್ದಕ್ಕೆ ಬೇಜಾರು ಬೇಡ. ಹಾಲು ಬೇಡ ಅಂತ ನಾವು ಹೇಳುತ್ತಿಲ್ಲ. ಹೇಳುವುದಾದರೆ ಈ ಊರಿನ ಮಕ್ಕಳಿಗೆ ಹಾಲೂ ಸರಿಯಾಗಿ ಸಿಗುತ್ತಿಲ್ಲ ಅನ್ನುವುದನ್ನೇ ಹೇಳಬೇಕು. ಕರೆದದ್ದನ್ನೆಲ್ಲ ಡೇರಿಗೆ ಸುರಿದು, ಮನೆಗೆ ಕಾಫಿಗಾಗುವಷ್ಟು ಉಳಿಸಿಕೊಳ್ಳುವ ಮನೆಗಳು ಎಷ್ಟಿಲ್ಲ? ಪಾಸ್ ಪುಸ್ತಕದಲ್ಲಿ ಅರ್ಧ ಲೀಟರ್ ಹೆಚ್ಚಾದರೆ ಸಂತೋಷ, ತಾಯಿ ಕಾರ್ಡಿನಲ್ಲಿ ಮಗುವಿನ ತೂಕದ ಗೆರೆ ಹಸಿರಿಂದ ಹಳದಿಗೆ ಇಳಿದದ್ದು ಕಾಣುವುದಿಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇಲ್ಲ. ನೂರಕ್ಕೆ 65 ಮಕ್ಕಳಿಗೆ ರಕ್ತ ಕಡಿಮೆ. ಹಾಲಿನ ಹೊಳೆ ಹರಿಯುವ ರಾಜ್ಯದ ಲೆಕ್ಕ ಇದು.

2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಅಂತ ಸರ್ಕಾರ ಯೋಜನೆ ತಂದಿತು. ನಾವು ಹಾಕಿದ ಹಾಲೇ ಒಕ್ಕೂಟಕ್ಕೆ ಹೋಗಿ, ಪುಡಿಯಾಗಿ, ಚೀಲದಲ್ಲಿ ತಿರುಗಿ ನಮ್ಮ ಅಂಗನವಾಡಿಗೆ, ಸ್ಕೂಲಿಗೆ ಬಂತು. ಲೋಟಕ್ಕೆ 150 ಮಿಲಿ ಲೀಟರ್. ಒಳ್ಳೆಯದೇ ಆಯಿತು. ಆದರೆ ಅಂಗನವಾಡಿಗೆ ಬಂದು ಕೂತು ಕುಡಿಯುವುದು ಮೂರು ವರ್ಷ ದಾಟಿದ ಮಕ್ಕಳು. ಅದಕ್ಕಿಂತ ಚಿಕ್ಕವರ ಲೋಟ ಮನೆಯಲ್ಲೇ ತುಂಬಬೇಕು.

ಹಾಲಿನ ವಿಷಯದಲ್ಲೂ ಒಂದೆರಡು ಮಾತು ಸ್ಪಷ್ಟವಾಗಿ ಹೇಳಿಬಿಡುತ್ತೇವೆ. ಆರು ತಿಂಗಳು ತುಂಬುವವರೆಗೆ ತಾಯಿ ಹಾಲು ಬಿಟ್ಟು ಬೇರೇನೂ ಬೇಡ, ನೀರೂ ಬೇಡ. ಆಮೇಲೆ ರಾಗಿ ಸರಿ, ಮೆತ್ತಗೆ ಕಿವುಚಿದ ಅನ್ನ ಬೇಳೆ, ಬಾಳೆಹಣ್ಣು, ಬೇಯಿಸಿದ ತರಕಾರಿ, ಬೇಯಿಸಿದ ಮೊಟ್ಟೆ, ಜೊತೆಗೆ ತಾಯಿ ಹಾಲು. ಹಸುವಿನ ಹಾಲನ್ನು ಕುಡಿಯಲು ಕೊಡುವುದು ವರ್ಷ ತುಂಬಿದ ಮೇಲೆ. ಅದಕ್ಕೆ ನೀರು ಬೆರೆಸಬೇಡಿ. ಡೇರಿಗೆ ನೀರು ಬೆರೆಸಿ ತಂದರೆ ಕಾರ್ಯದರ್ಶಿಗಳು ಲ್ಯಾಕ್ಟೋಮೀಟರ್ ಇಟ್ಟು ಹಿಡಿದುಬಿಡುತ್ತಾರೆ. ಮಗುವಿನ ಲೋಟಕ್ಕೆ ಲ್ಯಾಕ್ಟೋಮೀಟರ್ ಇಡುವವರಿಲ್ಲ. ಇನ್ನು ಕೆಲವರು ಮಗು ಊಟ ಮಾಡೋದಿಲ್ಲ ಅಂತ ಲೀಟರುಗಟ್ಟಲೆ ಹಾಲೇ ಕುಡಿಸುತ್ತಾರೆ. ಅದೂ ತಪ್ಪು. ಹಾಲಿನಲ್ಲಿ ಕಬ್ಬಿಣದ ಅಂಶ ಬಹಳ ಕಡಿಮೆ. ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಕುಡಿದ ಮಗುವಿಗೆ ಹೊಟ್ಟೆ ತುಂಬಿ ಊಟ ಸೇರದು, ರಕ್ತವೂ ಕಡಿಮೆಯಾಗುತ್ತದೆ. ಎರಡು ಲೋಟ ಸಾಕು. ಮಿಕ್ಕ ಜಾಗ ನುಗ್ಗೆ ಸೊಪ್ಪಿಗೂ ಹೆಸರುಕಾಳಿಗೂ ರಾಗಿಗೂ ಇರಲಿ.

ಇನ್ನು ಮಾತಿನ ವಿಷಯ. ಮಾತು ಬಾರದ ಕೂಸಿನ ಹತ್ತಿರ ಏನು ಮಾತಾಡೋದು ಅಂತ ಕೇಳುವವರಿದ್ದಾರೆ. ಹೆಚ್ಚಾಗಿ ಗಂಡಸರು! ಅಜ್ಜಿಯರನ್ನು ನೋಡಿ. ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ನೀರು ಹಾಕುವಾಗ ಅವರ ಬಾಯಿ ಸುಮ್ಮನಿರುತ್ತಿತ್ತೇ? ಕೈ ಎಳೆದರೆ ಒಂದು ಮಾತು, ಕಾಲು ಮಡಿಸಿದರೆ ಒಂದು ಮಾತು. ಮೂಗು ಎಲ್ಲಿ, ಕಿವಿ ಎಲ್ಲಿ, ಮಾವ ಎಲ್ಲಿ. ಕೂಸು ಊಂ ಅಂದರೆ ಅಜ್ಜಿಯೂ ಊಂ ಅನ್ನುವಳು. ಇದನ್ನೇ ಈಗ ದೊಡ್ಡ ದೊಡ್ಡ ವಿಜ್ಞಾನಿಗಳು ಹೇಳುತ್ತಿರುವುದು. ಮಗು ಒಂದು ಸದ್ದು ಮಾಡುತ್ತದೆ, ದೊಡ್ಡವರು ಅದರ ಮುಖ ನೋಡಿ ಉತ್ತರ ಕೊಡುತ್ತಾರೆ, ಮಗು ಮತ್ತೆ ಸದ್ದು ಮಾಡುತ್ತದೆ. ಈ ಕೊಡುಕೊಳ್ಳುವಿಕೆಯಲ್ಲೇ ಮೆದುಳಿನ ಎಳೆಗಳು ಒಂದಕ್ಕೊಂದು ಗಂಟು ಬೀಳುವುದು. ಬಳಸಿದ ಎಳೆ ಗಟ್ಟಿಯಾಗುತ್ತದೆ, ಬಳಸದ್ದು ಉದುರುತ್ತದೆ.

ಈಗ ಅಜ್ಜಿಯ ಜಾಗಕ್ಕೆ ಮೊಬೈಲ್ ಬಂದು ಕೂತಿದೆ. ತುತ್ತು ಬಾಯಿಗೆ ಹೋಗಬೇಕಾದರೆ ಎದುರಿಗೆ ಕುಣಿಯುವ ಬೊಂಬೆ ಬೇಕು. ಮೊಬೈಲ್ ಮಾತಾಡುತ್ತದಲ್ಲ, ಮಾತು ಕಲೀತದೆ ಬಿಡಿ ಅಂತ ಸಮಾಧಾನ. ಮೊಬೈಲ್ ಮಾತಾಡುತ್ತದೆ, ನಿಜ. ಆದರೆ ಕೂಸು ಊಂ ಅಂದರೆ ತಿರುಗಿ ಊಂ ಅನ್ನುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ, ಎರಡು ವರ್ಷ ತುಂಬದ ಮಕ್ಕಳಿಗೆ ಟಿವಿ ಮೊಬೈಲ್ ಬೇಡ, ಅಲ್ಲಿಂದ ಐದು ವರ್ಷದೊಳಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಅಂತ.

ಅಂಗನವಾಡಿಯಲ್ಲಿ ಏನು ಕಲಿಸ್ತಾರೆ, ಬರೀ ಉಪ್ಪಿಟ್ಟು ತಿನ್ನಿಸಿ ಮಲಗಿಸ್ತಾರೆ ಅನ್ನುವ ಮಾತು ನಮ್ಮ ಊರಲ್ಲೂ ಇದೆ. ಒಂದು ದಿನ ಹತ್ತು ಗಂಟೆಗೆ ಬಂದು ಬಾಗಿಲಲ್ಲಿ ನಿಂತು ನೋಡಿ. ಒಂದು ಮಗು ಹುಣಸೆ ಬೀಜವನ್ನೂ ಅವರೆಕಾಳನ್ನೂ ಬೇರೆ ಬೇರೆ ಬಟ್ಟಲಿಗೆ ಹಾಕುತ್ತಿರುತ್ತದೆ. ಆಡುತ್ತಿದೆ ಅಂತ ನಿಮಗೆ ಕಾಣುತ್ತದೆ. ಅಲ್ಲಿ ನಡೆಯುತ್ತಿರುವುದು ಎರಡು ಕೆಲಸ. ಯಾವುದು ಯಾವುದರ ಜೊತೆ ಸೇರುತ್ತದೆ ಅನ್ನುವುದು ಗಣಿತದ ಮೊದಲ ಪಾಠ. ಹೆಬ್ಬೆರಳು ತೋರುಬೆರಳಲ್ಲಿ ಬೀಜ ಹಿಡಿಯುವುದು ನಾಳೆ ಬಳಪ ಹಿಡಿಯುವುದಕ್ಕೆ ತಾಲೀಮು. ಕಣ್ಣಾಮುಚ್ಚಾಲೆಯಲ್ಲಿ ತನ್ನ ಸರದಿಗೆ ಕಾಯುವುದು ಕಲಿಯುತ್ತದೆ. ನಮ್ಮ ಗ್ರಾಮಸಭೆಯಲ್ಲಿ ದೊಡ್ಡವರಿಗೇ ಅದು ಬಂದಿಲ್ಲ. ಕಥೆ ಕೇಳಿ ಮುಂದೇನಾಯ್ತು ಅಂತ ಕೇಳುವ ಮಗು ನಾಳೆ ಪುಸ್ತಕ ತೆರೆಯುವ ಮಗು. ಇದಕ್ಕೆಲ್ಲ ಚಿಲಿಪಿಲಿ ಅಂತ ಪುಸ್ತಕವೇ ಇದೆ, ಟೀಚರಿಗೆ ತರಬೇತಿಯೂ ಆಗಿರುತ್ತದೆ.

ಇದು ನಿನ್ನೆ ಮೊನ್ನೆ ಹುಟ್ಟಿದ ವಿಚಾರವೂ ಅಲ್ಲ. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಬಾಲಮಂದಿರ ತೆರೆದರು. ಅವರ ಜೊತೆ ದುಡಿದ ತಾರಾಬಾಯಿ ಮೋಡಕ್ ಮಹಾರಾಷ್ಟ್ರದ ಬೋರ್ಡಿ ಅನ್ನುವ ಊರಿಗೆ ಹೋದರು, ಆಮೇಲೆ ಕೋಸಬಾಡ್ ಎಂಬಲ್ಲಿ ಆದಿವಾಸಿ ಮಕ್ಕಳ ನಡುವೆ ಕೆಲಸ ಮಾಡಿದರು. ಅವರ ಜೊತೆಗಿದ್ದವರು ಅನುತಾಯಿ ವಾಘ್. ಮಕ್ಕಳು ಶಾಲೆಗೆ ಬರದಿದ್ದರೆ ಶಾಲೆಯನ್ನೇ ಮಕ್ಕಳ ಅಂಗಳಕ್ಕೆ ಒಯ್ದರು. ಕಲ್ಲು, ಎಲೆ, ಬೀಜ, ಚಿಪ್ಪು ಇವೇ ಪಾಠದ ಸಾಮಾನು. ಅಂಗನವಾಡಿ ಅನ್ನುವ ಹೆಸರಿನಲ್ಲಿರುವ ಅಂಗಳ ಅದೇ.

ಅಂಥ ಅಂಗಳ ಮನೆ ಪಕ್ಕದಲ್ಲಿರುವಾಗ ಮೂರು ವರ್ಷದ ಮಗುವಿಗೆ ಟೈ ಕಟ್ಟಿ, ವ್ಯಾನಿನಲ್ಲಿ ತುಂಬಿ, ಹದಿನೈದು ಕಿಲೋಮೀಟರ್ ಕಳಿಸುವವರಿಗೆ ನಾವು ಬೇಡ ಅನ್ನಲು ಯಾರು? ಇಂಗ್ಲಿಷ್ ಬೇಕು ಅನ್ನುವ ಆಸೆ ತಪ್ಪಲ್ಲ. ನಮ್ಮ ಮಕ್ಕಳಿಗೂ ನಾವು ಅದನ್ನೇ ಬಯಸುತ್ತೇವೆ. ಆದರೆ ಆ ವಯಸ್ಸಿನ ಬೆರಳಿಗೆ ದಿನಕ್ಕೆ ನಾಲ್ಕು ಪುಟ ಬರೆಯುವ ಬಲ ಇರುವುದಿಲ್ಲ. ಮನೆ ಮಾತಿನಲ್ಲಿ ಕೇಳಿ ಹೇಳಿ ಬೆಳೆದ ಮಗುವಿಗೆ ಇನ್ನೊಂದು ಭಾಷೆ ಬೇಗ ಹತ್ತುತ್ತದೆ. ಯಾವ ಮಾತೂ ಆಡದೆ ಬಾಯಿಪಾಠ ಒಪ್ಪಿಸುವ ಮಗುವಿಗೆ ಎರಡೂ ಹತ್ತುವುದಿಲ್ಲ. ನಿಮ್ಮ ಒತ್ತಾಯಕ್ಕೆ ನಮ್ಮ ಟೀಚರು ಕೂಡ ಈಗ ಬೀಜದ ಬಟ್ಟಲು ಎತ್ತಿಟ್ಟು ಎ ಬಿ ಸಿ ಡಿ ಬರೆಸಲು ಶುರು ಮಾಡಿದ್ದಾರೆ. ದಯವಿಟ್ಟು ಅವರನ್ನು ಅವರ ಕೆಲಸಕ್ಕೆ ಬಿಡಿ.

ಈಗ ಮೂರು ವರ್ಷ ತುಂಬದವರ ವಿಷಯಕ್ಕೆ ಬರುತ್ತೇವೆ. ಇವರಿಗೆ ಅಂಗನವಾಡಿಯಿಂದ ಪೌಷ್ಟಿಕ ಆಹಾರದ ಪೊಟ್ಟಣ ಸಿಗುತ್ತದೆ, ತೂಕ ನೋಡುತ್ತಾರೆ, ಚುಚ್ಚುಮದ್ದಿನ ದಿನ ಕರೆಸುತ್ತಾರೆ. ಆದರೆ ದಿನವಿಡೀ ಇಟ್ಟುಕೊಂಡು ನೋಡಿಕೊಳ್ಳುವ ಏರ್ಪಾಟು ನಮ್ಮ ಅಂಗನವಾಡಿಯಲ್ಲಿ ಇಲ್ಲ. ಒಬ್ಬ ಟೀಚರು, ಒಬ್ಬ ಸಹಾಯಕಿ, ಅಡುಗೆ, ರಿಜಿಸ್ಟರು, ಮೊಬೈಲಿಗೆ ಲೆಕ್ಕ ತುಂಬುವುದು, ಅಷ್ಟಕ್ಕೇ ಸಂಜೆಯಾಗುತ್ತದೆ. ಅಜ್ಜಿ ಇರುವ ಮನೆಯಲ್ಲಿ ತೊಂದರೆ ಇಲ್ಲ. ಅಜ್ಜಿಗೂ ಕೂಲಿಗೆ ಹೋಗದೆ ವಿಧಿಯಿಲ್ಲದ ಮನೆಗಳ ಕಥೆ ಬೇರೆ. ಈ ಊರಲ್ಲಿ ಅಂಥ ಹತ್ತು ಹನ್ನೆರಡು ಕೂಸುಗಳಿವೆ. ಭತ್ತದ ನಾಟಿ, ಕಬ್ಬು ಕಡಿಯುವ ಕಾಲದಲ್ಲಿ ಅವು ಎಲ್ಲಿರುತ್ತವೆ ಅಂತ ಹೋಗಿ ನೋಡಿ. ಒಂದು ಹೊಂಗೆ ಮರದ ಕೊಂಬೆಗೆ ಸೀರೆ ಕಟ್ಟಿದ ಜೋಲಿಯಲ್ಲಿರುತ್ತದೆ. ಪಕ್ಕದಲ್ಲಿ ನಾಲೆ ಹರಿಯುತ್ತಿರುತ್ತದೆ. ಇನ್ನೊಂದು ಮೂರನೇ ಕ್ಲಾಸಿನ ಅಕ್ಕನ ಸೊಂಟದ ಮೇಲಿರುತ್ತದೆ. ಅಂದರೆ ಒಂದು ಕೂಸನ್ನು ನೋಡಿಕೊಳ್ಳಲು ಒಂದು ಹೆಣ್ಣುಮಗುವಿನ ಓದು ಹೋಗುತ್ತದೆ. ಹಾಜರಿ ಪುಸ್ತಕದಲ್ಲಿ ಆ ಹುಡುಗಿಯ ಹೆಸರಿನ ಮುಂದೆ ಗೈರುಹಾಜರಿ ಬೀಳುತ್ತದೆ, ಕಾರಣ ಬರೆಯುವ ಕಾಲಮ್ಮು ಅಲ್ಲಿಲ್ಲ.

ದುಡಿಯುವ ತಾಯಿಯ ಕೂಸಿಗೆ ಜಾಗ ಬೇಕು ಅನ್ನುವುದನ್ನು ನಮ್ಮ ದೇಶದಲ್ಲಿ ಯಾರೂ ಅಲ್ಲಗಳೆದಿಲ್ಲ. 1969ರಲ್ಲಿ ದೆಹಲಿಯಲ್ಲಿ ಗಾಂಧಿ ಶತಮಾನೋತ್ಸವದ ಪ್ರದರ್ಶನಕ್ಕೆ ಕಟ್ಟಡ ಏಳುತ್ತಿದ್ದಾಗ, ಮಣ್ಣು ಹೊರುವ ಹೆಂಗಸರ ಮಕ್ಕಳು ದೂಳಲ್ಲಿ ಬಿದ್ದಿರುವುದನ್ನು ನೋಡಿ ಮೀರಾ ಮಹಾದೇವನ್ ಎಂಬ ಮಹಿಳೆ ಆ ಕೆಲಸದ ಜಾಗದಲ್ಲೇ ಶಿಶುಪಾಲನೆ ಶುರು ಮಾಡಿದರು. 2005ರ ಉದ್ಯೋಗ ಖಾತರಿ ಕಾಯ್ದೆಯಲ್ಲೇ ಬರೆದಿತ್ತು: ಕೆಲಸದ ಜಾಗಕ್ಕೆ ಆರು ವರ್ಷದೊಳಗಿನ ಐದು ಮಕ್ಕಳು ಬಂದರೆ, ಅಲ್ಲಿಗೆ ಬಂದ ಹೆಂಗಸರಲ್ಲೇ ಒಬ್ಬರನ್ನು ಮಕ್ಕಳನ್ನು ನೋಡಿಕೊಳ್ಳಲು ಬಿಡಬೇಕು, ಆಕೆಗೂ ಕೂಲಿ ಕೊಡಬೇಕು. ಎಷ್ಟು ಕಡೆ ನಡೆಯಿತು ಅಂತ ಕೆರೆ ಹೂಳು ತೆಗೆಯಲು ಹೋದವರೇ ಹೇಳಲಿ. ಐವತ್ತು ಜನ ಕೆಲಸಕ್ಕಿರುವ ಕಡೆ ಶಿಶುಪಾಲನಾ ಕೊಠಡಿ ಇರಬೇಕು ಎಂದು 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಯನ್ನು ತಿದ್ದಿದರು. ನಮ್ಮ ಹೆಂಗಸರು ಮಾಡುವ ಹೊಲದ ಕೆಲಸಕ್ಕೆ ಕಾರ್ಖಾನೆಯ ಗೋಡೆ ಇಲ್ಲ, ಹಾಗಾಗಿ ಆ ಕಾಯ್ದೆ ನಮ್ಮ ಊರಿನ ಗಡಿ ದಾಟಿ ಬರಲಿಲ್ಲ. 2023ರ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ ನಾಲ್ಕು ಸಾವಿರ ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ತೆರೆಯುವುದಾಗಿ ಹೇಳಿತು. ಹೆಸರು ಕೇಳಿದರೇ ಹಿತವಾಗುತ್ತದೆ. ತೆರೆದ ಕಡೆ ತಾಯಂದಿರಿಗೆ ಅನುಕೂಲವೂ ಆಗಿದೆ. ನಮ್ಮ ಪಂಚಾಯಿತಿಯ ಕೇಂದ್ರ ಸ್ಥಾನ ಇಲ್ಲಿಂದ ನಾಲ್ಕು ಕಿಲೋಮೀಟರ್. ಆರು ಗಂಟೆಗೆ ಹಾಲು ಹಾಕಿ, ಏಳಕ್ಕೆ ಗದ್ದೆಗಿಳಿಯುವ ತಾಯಿ ಕೂಸನ್ನು ಎತ್ತಿಕೊಂಡು ನಾಲ್ಕು ಕಿಲೋಮೀಟರ್ ಹೋಗಿ ಬರುವುದು ಆಗದ ಮಾತು.

ಆದ್ದರಿಂದ ಸಂಘದ ಮುಂದೆ ನಮ್ಮ ಕೋರಿಕೆ ಹೀಗಿದೆ. ಡೇರಿ ಕಟ್ಟಡದ ಹಿಂದಿನ ಕೋಣೆ ಬೆಳಗಿನ ಹಾಲು ಮುಗಿದ ಮೇಲೆ ಸಂಜೆ ಐದರವರೆಗೆ ಖಾಲಿ ಬಿದ್ದಿರುತ್ತದೆ. ನಾಟಿ, ಕಟಾವಿನ ತಿಂಗಳುಗಳಲ್ಲಿ ಅದನ್ನು ಕೂಸುಗಳಿಗೆ ಬಿಟ್ಟುಕೊಡಿ. ಗಾಳಿ ಬೆಳಕು ಇದೆ, ನೀರು ಇದೆ, ಶೌಚಾಲಯ ಇದೆ, ರಸ್ತೆಗೆ ಬೆನ್ನು ಹಾಕಿದೆ. ಒಂದೇ ಷರತ್ತು. ಆ ಮೂಲೆಯಲ್ಲಿ ಹಳೇ ಕಾಲದ ಫ್ಯಾಟ್ ಪರೀಕ್ಷೆಯ ಆಸಿಡ್ ಸೀಸೆಗಳು ಇನ್ನೂ ಇವೆ, ಕ್ಯಾನು ತೊಳೆಯುವ ಸೋಡಾ ಇದೆ, ಹೊರಗಿನ ನೀರಿನ ತೊಟ್ಟಿಗೆ ಮುಚ್ಚಳವಿಲ್ಲ. ಇವನ್ನೆಲ್ಲ ಸಾಗಿಸಿ, ತೊಟ್ಟಿಗೆ ಮುಚ್ಚಳ ಹಾಕಿಸಿದ ಮೇಲೆಯೇ ಒಂದು ಕೂಸಾದರೂ ಒಳಗೆ ಬರಬೇಕು. ತೊಟ್ಟಿಯಲ್ಲಿ ಮೊಣಕಾಲುದ್ದ ನೀರಿದ್ದರೂ ಕೂಸಿಗೆ ಅಪಾಯವೇ.

ನೋಡಿಕೊಳ್ಳಲು ಎಷ್ಟು ಜನ ಬೇಕು? 2013ರ ರಾಷ್ಟ್ರೀಯ ನೀತಿ ಮೂರು ವರ್ಷದೊಳಗಿನ ಹತ್ತು ಮಕ್ಕಳಿಗೆ ಒಬ್ಬರು ಅನ್ನುತ್ತದೆ. ಬರೆದವರು ಹತ್ತು ಕೂಸುಗಳನ್ನು ಒಟ್ಟಿಗೆ ನೋಡಿಕೊಂಡಿರಲಾರರು ಅಂತ ನಮಗೆ ಅನುಮಾನ. ಐದಾರಕ್ಕೆ ಒಬ್ಬರಾದರೆ ಸರಿ. ಅಂದರೆ ನಮಗೆ ಇಬ್ಬರು ಬೇಕು. ಆ ಇಬ್ಬರು ದಿನಾ ಬದಲಾಗಬಾರದು. ಇವತ್ತು ಇವಳು ನಾಳೆ ಅವಳು ಅಂತ ಸರದಿ ಹಾಕಿದರೆ ಮನೆಗೆಲಸಕ್ಕೆ ಆದೀತು, ಕೂಸಿಗೆ ಆಗದು. ಅದಕ್ಕೆ ಒಂದೇ ಮುಖ, ಒಂದೇ ದನಿ, ಒಂದೇ ಮಡಿಲು ಬೇಕು. ಮೊದಲ ಹದಿನೈದು ದಿನ ಅಳುತ್ತದೆ, ಅದು ಸಹಜ. ಆಗ ತಾಯಿ ಮೊದಲ ಎರಡು ಮೂರು ದಿನ ಜೊತೆಯಲ್ಲಿ ಕೂತು, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಬಿಡಬೇಕು. ಮರೆಯಾಗಿ ಓಡಿಹೋಗಬಾರದು, ಹೋಗಿ ಬರ್ತೀನಿ ಕಂದ ಅಂತ ಹೇಳಿಯೇ ಹೋಗಬೇಕು. ಮಧ್ಯಾಹ್ನ ಬಂದು ಹಾಲೂಡಿಸಿ ಹೋಗುವ ತಾಯಿಗೆ ಗದ್ದೆಯವರು ಅರ್ಧ ಗಂಟೆಯ ಕೂಲಿ ಹಿಡಿಯಬಾರದು. ಇಲ್ಲಿ ಕೂತಿರುವ ಗದ್ದೆಯವರಿಗೇ ಈ ಮಾತು.

ಸಾಮಾನು ಹೆಚ್ಚೇನೂ ಬೇಡ. ಚಾಪೆ, ನಾಲ್ಕು ಜೋಲಿ, ಕುದಿಸಿ ಆರಿಸಿದ ನೀರಿಗೆ ಒಂದು ಮುಚ್ಚಳದ ಪಾತ್ರೆ, ಸೋಪು, ಹಳೇ ಪಂಚೆಗಳು. ಆಟಕ್ಕೆ ತೆಂಗಿನ ಚಿಪ್ಪು, ಮರದ ಸೌಟು, ಬಟ್ಟೆಯ ಚೆಂಡು, ಒಂದರೊಳಗೊಂದು ಕೂರುವ ಡಬ್ಬಿಗಳು. ಅಂಗನವಾಡಿಯ ಹುಣಸೆ ಬೀಜ, ಅವರೆಕಾಳು, ಕಡಲೆಕಾಯಿ ಬೀಜ ಈ ಕೋಣೆಗೆ ಬರಬಾರದು. ಮೂರು ವರ್ಷದೊಳಗಿನವು ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತವೆ, ಗಂಟಲಿಗೆ ಸಿಕ್ಕಿದರೆ ನಿಮಿಷ ಸಾಕು. ತೋಳಿನ ಸುತ್ತಳತೆ ನೋಡುವ ಪಟ್ಟಿಯೊಂದನ್ನು ಟೀಚರು ಕೊಡುತ್ತಾರೆ. ಆರು ತಿಂಗಳು ದಾಟಿದ ಮಗುವಿನ ತೋಳು 11.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಅವತ್ತೇ ಆಸ್ಪತ್ರೆಗೆ.

ಕೊನೆಗೆ ದುಡ್ಡಿನ ಮಾತು. ದಿನಕ್ಕೆ ಸಾವಿರ ಲೀಟರ್ ಹಾಲು ಬರುವ ಸಂಘದಲ್ಲಿ ಲೀಟರಿಗೆ ಹತ್ತು ಪೈಸೆ ಎತ್ತಿಟ್ಟರೆ ದಿನಕ್ಕೆ ನೂರು ರೂಪಾಯಿ, ತಿಂಗಳಿಗೆ ಮೂರು ಸಾವಿರ. ಇಬ್ಬರ ಕೂಲಿಗೆ ಇದು ಸಾಲದು, ನಿಜ. ಕೂಸು ಬಿಡುವ ತಾಯಂದಿರು ದಿನಕ್ಕೆ ಇಷ್ಟು ಅಂತ ಕೊಡಲು ಒಪ್ಪಿದ್ದಾರೆ. ಪಂಚಾಯಿತಿಗೂ ಅರ್ಜಿ ಹಾಕಿದ್ದೇವೆ, ಅಲ್ಲಿಂದ ಉತ್ತರ ಬರುವವರೆಗೆ ಕೂಸುಗಳು ಮೂರು ವರ್ಷ ದಾಟಿಬಿಟ್ಟಾವು ಅನ್ನುವುದು ನಮ್ಮ ಆತಂಕ. ಬೈಲಾದ ಪ್ರಕಾರ ಧರ್ಮಾರ್ಥಕ್ಕೆ ತೆಗೆದಿಡುವ ಹಣದಲ್ಲಿ ಇದಕ್ಕೆ ಎಷ್ಟು ಕೊಡಬಹುದು ಅನ್ನುವುದನ್ನು ಕಾರ್ಯದರ್ಶಿಗಳು ಲೆಕ್ಕ ನೋಡಿ ಹೇಳಬೇಕು. ಮಹೋತ್ಸವದ ನೆನಪಿಗೆ ಪ್ರತಿ ಸದಸ್ಯರಿಗೂ ಒಂದು ಸ್ಟೀಲ್ ಕ್ಯಾನು ಹಂಚುವ ಯೋಚನೆ ಇದೆ ಅಂತ ಕೇಳಿದ್ದೇವೆ. ಕ್ಯಾನು ಬೇಡ ಅಂತ ಹೇಳುವ ಧೈರ್ಯ ನಮಗಿಲ್ಲ. ಒಂದು ಸೈಜು ಚಿಕ್ಕದು ಕೊಂಡರೆ ಉಳಿಯುವ ಹಣದಲ್ಲಿ ತೊಟ್ಟಿಯ ಮುಚ್ಚಳ, ಚಾಪೆ, ಜೋಲಿ ಆಗುತ್ತದೆ.

ನಾಟಿ ಶುರುವಾಗಲು ಇನ್ನು ಒಂದು ತಿಂಗಳಿದೆ. ಕೆಲಸಕ್ಕೆ ಒಪ್ಪಿರುವ ಇಬ್ಬರು ಹೆಣ್ಣುಮಕ್ಕಳು ಅಂಗನವಾಡಿ ಟೀಚರ ಹತ್ತಿರ ಹದಿನೈದು ದಿನ ಕೂತು ಕಲಿಯಲು ತಯಾರಿದ್ದಾರೆ. ಕೂಸುಗಳ ಪಟ್ಟಿ, ತಾಯಂದಿರ ಸಹಿ ಸಮೇತ, ಅಧ್ಯಕ್ಷರ ಕೈಗೆ ಈಗಲೇ ಕೊಡುತ್ತಿದ್ದೇವೆ. ಕೋಣೆಯ ಬೀಗದ ಕೈ ಯಾರ ಹತ್ತಿರ ಇರಬೇಕು, ಸಂಜೆ ಹಾಲಿಗೆ ಮುಂಚೆ ಕೋಣೆ ಗುಡಿಸಿ ಒಪ್ಪಿಸುವ ಹೊಣೆ ಯಾರದ್ದು, ಈ ಎರಡನ್ನು ಇವತ್ತಿನ ಸಭೆಯಲ್ಲೇ ತೀರ್ಮಾನಿಸಿ ನಡಾವಳಿ ಪುಸ್ತಕದಲ್ಲಿ ಬರೆಸಬೇಕೆಂದು ಕೇಳಿಕೊಳ್ಳುತ್ತೇವೆ.